ಗಾಜಿನ ಮೇಲಿನ ಕೈ

ಫೆಬ್ರವರಿ ೧೧

ಅಳಿಯಂದಿರಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡಿ. ಯಾರಿಗೂ ಏನೂ ಆಗಿಲ್ಲ. ಮಂಡಿನೋವೊಂದು ಬಿಟ್ಟರೆ ನಾನು ಚೆನ್ನಾಗಿಯೇ ಇದ್ದೇನೆ. ಕೆಟ್ಟಿರುವುದು ಸ್ಟುಡಿಯೋದ ಸ್ಕ್ಯಾನರ್.

ಇಷ್ಟು ವರ್ಷ ಮಾತಿಲ್ಲ ಕತೆಯಿಲ್ಲ, ಈಗ ಕೆಲಸ ಬಿತ್ತೆಂದು ನೆನಪಾಯಿತೇ ಎಂದು ನೀವು ಅಂದುಕೊಂಡರೆ ತಪ್ಪೇನಿಲ್ಲ. ಹಾಗೆಯೇ ಆಗಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಆ ಕಲ್ಲಿನ ವಿಷಯಕ್ಕೆ ಬಂದು ಬೀಳುತ್ತೇವೆ. ಕಾಗದವಾದರೆ ಬೇಡದ ಸಾಲನ್ನು ಹೊಡೆದುಹಾಕಬಹುದು. ಮೇಲೆ ಎರಡು ಸಾಲು ಹೊಡೆದುಹಾಕಿದ್ದೇನೆ, ಓದಲು ಹೋಗಬೇಡಿ.

ಓದಿಯೇ ಓದುತ್ತೀರಿ, ಅದಕ್ಕೇ ನೇರವಾಗಿ ಬರೆದುಬಿಡುತ್ತೇನೆ. ನದಿ ದಾಟಿಸುವ ಲಾಂಚ್ ಮುಳುಗಿತು. ನನ್ನ ಮಗಳು, ನನ್ನ ಗುಬ್ಬಿ, ಸಿಗಲಿಲ್ಲ. ಸಿಗಲಿಲ್ಲ ಎಂದರೆ ಸಿಗಲಿಲ್ಲ, ಅಷ್ಟೇ. ಸಿಗದವಳ ಹೆಸರನ್ನು ನೀವು ನದಿಯ ದಡದಲ್ಲಿ ಸತ್ತವರಿಗೆಂದು ನಿಲ್ಲಿಸಿದ ಕಲ್ಲಿಗೆ ಬರೆಸಿದಿರಿ. ಬರೆಸಿ ಊರು ಬಿಟ್ಟಿರಿ. ಈ ಮಾತು ಇಲ್ಲಿಗೆ ಸಾಕು.

ಕಳೆದ ವಾರ ಬೆಳಗ್ಗೆ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಏನೋ ಹೊಸದನ್ನು ಹಾಕಿಕೊಳ್ಳುತ್ತ ಕುಳಿತಿತು. ಆರಿಸಬೇಡಿ ಎಂದು ನೀಲಿ ಪರದೆಯ ಮೇಲೆ ಬರೆದಿತ್ತು, ನಾನು ಆರಿಸಲಿಲ್ಲ. ಅದು ಮುಗಿದ ಮೇಲೆ ಎಲ್ಲವೂ ಮೊದಲಿನಂತೆಯೇ ಕಂಡಿತು. ಆದರೆ ಪಕ್ಕದಲ್ಲೇ ಕೂತಿರುವ ಸ್ಕ್ಯಾನರನ್ನು ಮಾತ್ರ ಅದು ಗುರುತೇ ಹಿಡಿಯುತ್ತಿಲ್ಲ. ಎಲ್ಲರೂ ಸ್ಕ್ರೂ ಎಂದು ಕರೆಯುವ ರಿಪೇರಿಯವನನ್ನು ಕರೆಸಿದೆ. "ಅಮ್ಮಾ, ಇದು ಮ್ಯೂಸಿಯಮ್ಮಲ್ಲಿ ಇಡೋ ಮಾಲು. ಮಾಡಿದ ಕಂಪನಿನೇ ಮುಚ್ಚಿಹೋಗಿದೆ. ಬಿಸಾಕಿ, ಹೊಸದು ತಗೊಳ್ಳಿ" ಎಂದ. ಅವನಿಗೆ ಬಾಗಿಲು ತೋರಿಸಿದೆ.

ಈಗ ಸ್ಟುಡಿಯೋ ನಡೆಯುವುದೇ ಹಳೆಯ ಫೋಟೋಗಳಿಂದ. ಬಣ್ಣ ಮಾಸಿದವು, ಹುಳ ತಿಂದವು, ನೀರು ಕುಡಿದವು. ಒಂದಿಡೀ ಮನೆತನ ಸಾಲಾಗಿ ನಿಂತಿರುವ ದೊಡ್ಡ ಫೋಟೋಗಳೇ ಹೆಚ್ಚು. ಅಷ್ಟು ಅಗಲದ ಗಾಜು ಈಗಿನ ಸಣ್ಣ ಸ್ಕ್ಯಾನರುಗಳಿಗಿಲ್ಲ. ಅದೂ ಅಲ್ಲದೆ ಇದು ಅವಳು ತಂದಿಟ್ಟ ಯಂತ್ರ. ಬಂದಾಗ ತನ್ನ ಸ್ಕ್ಯಾನರ್ ಎಲ್ಲಿ ಎಂದು ಕೇಳಿದರೆ ನಾನು ಏನು ಹೇಳಲಿ?

ಅವಳ ನೀಲಿ ಅಂಗಿ ಇನ್ನೂ ಅದೇ ಮೊಳೆಯಲ್ಲಿದೆ. ಹಿಂಬಾಗಿಲ ಚಿಲಕ ನಾನು ಹಾಕುವುದಿಲ್ಲ.

ಏನು ಮಾಡಬೇಕೆಂದು ಬಿಡಿಸಿ ಬರೆಯಿರಿ.

ಇಂತಿ,
ಗುಬ್ಬಿಯ ತಾಯಿ


ಫೆಬ್ರವರಿ ೨೦

ಅತ್ತೆಯವರಿಗೆ ನಮಸ್ಕಾರ.

ಪತ್ರ ತಲುಪಿತು. ಸ್ಕ್ಯಾನರನ್ನು ಬಿಸಾಡಬೇಡಿ, ಅದು ಕೆಟ್ಟಿಲ್ಲ.

ಕಂಪ್ಯೂಟರಿಗೂ ಸ್ಕ್ಯಾನರಿಗೂ ಭಾಷೆ ಬೇರೆ ಬೇರೆ. ಇಬ್ಬರ ನಡುವೆ ದುಭಾಷಿಯಂತೆ ಒಂದು ಚಿಕ್ಕ ಪ್ರೋಗ್ರಾಂ ಇರುತ್ತದೆ, ಅದಕ್ಕೆ ಡ್ರೈವರ್ ಎನ್ನುತ್ತಾರೆ. ಹೊಸದನ್ನು ಹಾಕಿಕೊಳ್ಳುವ ಭರದಲ್ಲಿ ಕಂಪ್ಯೂಟರ್ ಹಳೆಯ ದುಭಾಷಿಯನ್ನು ಮನೆಗೆ ಕಳಿಸಿ, ಈ ಸ್ಕ್ಯಾನರಿನ ಭಾಷೆಯ ಗಂಧಗಾಳಿಯಿಲ್ಲದ ಹೊಸಬನೊಬ್ಬನನ್ನು ತಂದು ಕೂರಿಸಿದೆ. ಹಳಬನನ್ನು ವಾಪಸ್ ಕರೆಸಬೇಕು.

ಮೊದಲು ಇಂಟರ್ನೆಟ್ಟಿನ ವೈರನ್ನು ಕಿತ್ತುಬಿಡಿ. ಇಲ್ಲವಾದರೆ ನೀವು ಸರಿಮಾಡಿದ್ದನ್ನು ಅದು ಮತ್ತೆ ಕೆಡಿಸುತ್ತದೆ. ಎರಡನ್ನೂ ಆರಿಸಿ, ಮೊದಲು ಸ್ಕ್ಯಾನರನ್ನು ಹಾಕಿ, ಅದರ ಹಸಿರು ದೀಪ ಮಿನುಗುವುದು ನಿಂತ ಮೇಲೆ ಕಂಪ್ಯೂಟರ್ ಹಾಕಿ. ಈ ಕ್ರಮ ತಪ್ಪಬಾರದು. ಆಮೇಲೆ ಡಿವೈಸ್ ಮ್ಯಾನೇಜರ್ ತೆರೆಯಿರಿ. ಸ್ಕ್ಯಾನರಿನ ಹೆಸರಿನ ಪಕ್ಕ ಹಳದಿ ತ್ರಿಕೋನ ಕಾಣಬೇಕು. ಅದರ ಮೇಲೆ ಎರಡು ಸಲ ಒತ್ತಿದರೆ ಡ್ರೈವರ್ ಎಂಬ ಪುಟವಿದೆ, ಅಲ್ಲಿ 'ರೋಲ್ ಬ್ಯಾಕ್' ಎಂಬ ಗುಂಡಿ ಇದೆ. ಒತ್ತಿ. ಆಗದಿದ್ದರೆ ಪರದೆಯ ಮೇಲೆ ಏನು ಬಂತೋ ಅದನ್ನು ಹಾಗೆಯೇ ಬರೆದು ಕಳಿಸಿ.

ಹಿಂಬಾಗಿಲ ಚಿಲಕ ಹಾಕಿಕೊಳ್ಳಿ. ಒಬ್ಬರೇ ಇದ್ದೀರಿ.

ನಮಸ್ಕಾರಗಳೊಂದಿಗೆ


ಮಾರ್ಚ್ ೨

ಅಳಿಯಂದಿರಿಗೆ,

ಚಿಲಕದ ಮಾತು ಬಿಡಿ. ನಾನು ಕೇಳಿದ್ದು ಸ್ಕ್ಯಾನರಿನ ಬಗ್ಗೆ.

ನಿಮ್ಮ ಪತ್ರವನ್ನು ಪರದೆಗೆ ಒರಗಿಸಿಟ್ಟುಕೊಂಡು ಒಂದೊಂದೇ ಮಾಡಿದೆ. ವೈರ್ ಕೀಳಲು ಪಕ್ಕದಂಗಡಿಯ ಹೊಲಿಗೆಯಾಕೆಯನ್ನು ಕರೆದೆ, ನನ್ನ ಮಂಡಿ ಮೇಜಿನ ಕೆಳಗೆ ಹೋಗಲು ಒಪ್ಪುವುದಿಲ್ಲ. "ಅಯ್ಯೋ, ಇಲ್ಲೊಂದು ಜೇಡ ಸಂಸಾರ ಹೂಡಿದೆ ಅಕ್ಕಾ, ಮಕ್ಕಳುಮರಿ ಎಲ್ಲಾ ಇದಾವೆ" ಎನ್ನುತ್ತ ಅವಳು ಮೊದಲು ಕಿತ್ತದ್ದು ಫೋನಿನ ವೈರನ್ನು. ಎರಡನೇ ಸಲ ಫ್ಯಾನ್ ನಿಂತಿತು. ಮೂರನೆಯದು ಸರಿಯಾಯಿತು.

ಹಳದಿ ತ್ರಿಕೋನ ಸಿಕ್ಕಿತು. ಆದರೆ ನೀವು ಹೇಳಿದ ಗುಂಡಿ ಬೂದಿ ಬಣ್ಣಕ್ಕೆ ತಿರುಗಿ ಸತ್ತ ಹಾಗೆ ಬಿದ್ದಿದೆ. ಎಷ್ಟು ಒತ್ತಿದರೂ ಜಪ್ಪಯ್ಯ ಎನ್ನುವುದಿಲ್ಲ. ಈ ಸಾಧನವನ್ನು ಶುರುಮಾಡಲು ಆಗುವುದಿಲ್ಲ, ಕೋಡ್ ಹತ್ತು ಎಂದು ಬರೆದಿದೆ. ಹಾಗೆಯೇ ನೋಡಿ ಬರೆದಿದ್ದೇನೆ.

ಇನ್ನೊಂದು ವಿಷಯ. ಕಂಪ್ಯೂಟರ್ ಗುರುತು ಹಿಡಿಯದಿದ್ದರೂ ಸ್ಕ್ಯಾನರ್ ಸುಮ್ಮನಿಲ್ಲ. ನಾನು ಮುಂದಿನ ಕೋಣೆಯಲ್ಲಿ ಫ್ರೇಮಿಗೆ ಮೊಳೆ ಹೊಡೆಯುತ್ತಿರುತ್ತೇನೆ, ಒಳಗೆ ಅದು ತಾನೇ ಗುಂಯ್ ಎನ್ನುತ್ತದೆ. ಮುಚ್ಚಳದ ಸಂದಿಯಲ್ಲಿ ಬೆಳಕು ಒಂದು ಸಲ ಆ ಕಡೆಯಿಂದ ಈ ಕಡೆಗೆ ಬಂದು, ತಿರುಗಿ ಹೋಗಿ, ಆರುತ್ತದೆ. ಯಾರೋ ಏನನ್ನೋ ಹುಡುಕಿ, ಸಿಗದೆ ನಿಟ್ಟುಸಿರು ಬಿಟ್ಟ ಹಾಗೆ. ಮೊದಲ ಸಲ "ಯಾರು?" ಎಂದು ಕೂಗಿದ್ದೆ. ಈಗ ಕೂಗುವುದಿಲ್ಲ, ಸುತ್ತಿಗೆ ಕೆಳಗಿಟ್ಟು ಕೇಳುತ್ತೇನೆ.

ಗೋಡೆ ತುಂಬ ಬೇರೆಯವರ ಮನೆಯ ಸತ್ತವರು. ಅವರ ನಡುವೆ ಕೂತು ಕೂತು ನನಗೆ ಅಭ್ಯಾಸವಾಗಿದೆ. ಅವರಾರೂ ಸದ್ದು ಮಾಡುವವರಲ್ಲ.

ಇಂತಿ,
ಗುಬ್ಬಿಯ ತಾಯಿ


ಮಾರ್ಚ್ ೧೩

ಅತ್ತೆಯವರಿಗೆ ನಮಸ್ಕಾರ.

ಆ ಸದ್ದಿನಲ್ಲಿ ಏನೂ ಇಲ್ಲ. ಕಂಪ್ಯೂಟರ್ ಆಗಾಗ ತನಗೆ ಜೋಡಿಸಿದ ಎಲ್ಲ ವೈರುಗಳಲ್ಲೂ 'ಯಾರಿದ್ದೀರಿ?' ಎಂದು ಕೇಳುತ್ತದೆ. ಸ್ಕ್ಯಾನರ್ 'ನಾನಿದ್ದೇನೆ' ಎಂದು ತನ್ನ ಭಾಷೆಯಲ್ಲಿ ಉತ್ತರ ಕೊಡುತ್ತದೆ, ದೀಪವನ್ನೂ ಹಚ್ಚಿ ತೋರಿಸುತ್ತದೆ. ಹೊಸ ಡ್ರೈವರಿಗೆ ಆ ಉತ್ತರ ಅರ್ಥವಾಗುವುದಿಲ್ಲ, ಅದು ಮತ್ತೆ ಕೇಳುತ್ತದೆ. ಅಷ್ಟೇ. ನೀವು ಸುತ್ತಿಗೆ ಕೆಳಗಿಡುವ ಅಗತ್ಯವಿಲ್ಲ.

ಗುಂಡಿ ಬೂದಿ ಬಣ್ಣವಾಗಿದೆ ಎಂದರೆ ಹಳೆಯದನ್ನು ಅದು ಉಳಿಸಿಯೇ ಇಲ್ಲ ಎಂದರ್ಥ. ಯೋಚನೆ ಬೇಡ. ಎರಡನೇ ಡಿಸ್ಕಿನಲ್ಲಿ 'ಹಳೆಯದು' ಎಂಬ ಫೋಲ್ಡರ್ ಇದೆ, ನಾನೇ ಇಟ್ಟದ್ದು. ಅದರೊಳಗೆ ಸ್ಕ್ಯಾನರ್ ಎಂಬ ಇನ್ನೊಂದಿದೆ. ಮೊದಲು ಡಿವೈಸ್ ಮ್ಯಾನೇಜರಿನಲ್ಲೇ ಹೊಸ ಡ್ರೈವರನ್ನು ಅನ್‌ಇನ್‌ಸ್ಟಾಲ್ ಮಾಡಿ. ಪ್ರೋಗ್ರಾಮನ್ನೂ ಅಳಿಸಲೇ ಎಂದು ಕೇಳುವ ಚೌಕಕ್ಕೆ ಗುರುತು ಹಾಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಹೋದ ಹಾಗೆ ಮಾಡಿ ಹಿಂದಿನಿಂದ ಬಂದು ಕೂರುತ್ತದೆ. ಹಳೆಯ ಡ್ರೈವರಿಗೆ ಕಂಪನಿಯ ಸಹಿ ಇಲ್ಲವೆಂದು ಕಂಪ್ಯೂಟರ್ ಹಠ ಮಾಡಬಹುದು. ಹಠ ಬಿಡಿಸುವ ದಾರಿಯನ್ನು ಬೇರೆ ಹಾಳೆಯಲ್ಲಿ ಚಿತ್ರ ಬರೆದು ಇಟ್ಟಿದ್ದೇನೆ. ಆಮೇಲೆ 'ಹಳೆಯದು' ಫೋಲ್ಡರನ್ನು ತೋರಿಸಿ ಅಲ್ಲಿಂದ ಹಾಕಿಸಿ. ಫೋಲ್ಡರಿನಲ್ಲಿ ಇರುವುದನ್ನೆಲ್ಲ ಹಾಕಿ, ಒಂದೊಂದನ್ನೇ ಹೆಕ್ಕುತ್ತ ಕೂರಬೇಡಿ.

ಇಲ್ಲಿ ನಾನು ಔಷಧದ ಡಬ್ಬಿಗೆ ಚೀಟಿ ಅಂಟಿಸುವ ಯಂತ್ರಗಳನ್ನು ನೋಡಿಕೊಳ್ಳುತ್ತೇನೆ. ಅವಕ್ಕೆ ಜೋಡಿಸಿದ ಕಂಪ್ಯೂಟರುಗಳು ನಿಮ್ಮದಕ್ಕಿಂತ ಮುದಿಯವು. ಹೊಸದನ್ನು ಮುಟ್ಟಿಸಿದರೆ ನಿಂತುಹೋಗುತ್ತವೆ. ಹಳೆಯದನ್ನು ಹಳೆಯದಾಗಿಯೇ ನಡೆಸುವುದೇ ನನ್ನ ಕೆಲಸ. ಊಟ ತಿಂಡಿಗೆ ತೊಂದರೆಯಿಲ್ಲ.

ಅಳಿಯ


ಮಾರ್ಚ್ ೨೪

ಅಳಿಯಂದಿರಿಗೆ,

ಸ್ಕ್ಯಾನರ್ ನಡೆಯಿತು. ನೀವು ಹೇಳಿದ ಚೌಕ, ನಿಮ್ಮ ಚಿತ್ರದ ಹಾಳೆ, ಎಲ್ಲ ಸರಿಹೋಯಿತು. ತ್ರಿಕೋನ ಮಾಯವಾದಾಗ ನಾನೂ ಹೊಲಿಗೆಯಾಕೆಯೂ ಚಪ್ಪಾಳೆ ತಟ್ಟಿದೆವು, ನಾಚಿಕೆಯಿಲ್ಲದೆ.

ಅದು ಮಧ್ಯಾಹ್ನ. ಅವಳು ಅಂಗಡಿಗೆ ಹೋದ ಮೇಲೆ ನಾನು ಒಂದು ಮದುವೆಯ ಗುಂಪು ಫೋಟೋ ಇಟ್ಟು ಸ್ಕ್ಯಾನ್ ಮಾಡಿದೆ. ಬಲಗಡೆಯ ಮೂಲೆಯಲ್ಲಿ, ಗಂಡಸರ ಕಪ್ಪು ಕೋಟುಗಳ ಮೇಲೆ, ಬೆಳ್ಳಗೆ ಮಂಜಿನಂತೆ ಏನೋ ಕಂಡಿತು. ಗಾಜು ಒರೆಸಿದೆ. ಮತ್ತೆ ಮಾಡಿದೆ. ಇತ್ತು. ಫೋಟೋ ಬದಲಿಸಿದೆ. ಇತ್ತು. ಕೊನೆಗೆ ಕಪ್ಪು ಕಾಗದವೊಂದನ್ನೇ ಇಟ್ಟು ಮಾಡಿದೆ.

ಮುದ್ರಿಸಿ ಇದರೊಂದಿಗೆ ಇಟ್ಟಿದ್ದೇನೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಐದು ಬೆರಳು ಅಗಲಿಸಿ ಒತ್ತಿದ ಕೈ. ಕಿರುಬೆರಳನ್ನು ನೋಡಿ. ಮೇಲಿನ ಗೆಣ್ಣಿನಲ್ಲಿ ಹೊರಕ್ಕೆ ಬಾಗಿದೆ. ಮೂರು ವರ್ಷದವಳಿದ್ದಾಗ ಅಲಮಾರಿಯ ಬಾಗಿಲಿಗೆ ಸಿಕ್ಕಿ ಮುರಿದದ್ದು. ಕಟ್ಟು ಹಾಕಿದವನು ಸರಿಯಾಗಿ ಕೂರಿಸಲಿಲ್ಲ. ಆ ಬೆರಳನ್ನು ನಾನು ಎಷ್ಟು ವರ್ಷ ಎಣ್ಣೆ ಹಚ್ಚಿ ನೀವಿದ್ದೇನೆ. ನನಗೆ ಹೇಳಿಕೊಡಬೇಕಾಗಿಲ್ಲ.

ನೀವೇ ನೋಡಿ ಹೇಳಿ.

ಗುಬ್ಬಿಯ ತಾಯಿ


ಏಪ್ರಿಲ್ ೧

ಅತ್ತೆಯವರಿಗೆ ನಮಸ್ಕಾರ.

ನೋಡಿದೆ. ಅವಳದೇ ಕೈ. ನೀವು ಹೇಳಿದ್ದು ಸರಿ.

ಆದರೆ ಅದು ಈಗ ಬಂದದ್ದಲ್ಲ. ಇದನ್ನು ನೀವು ದಯವಿಟ್ಟು ಸಮಾಧಾನದಿಂದ ಓದಬೇಕು. ಈ ಜಾತಿಯ ಸ್ಕ್ಯಾನರ್ ಕೆಲಸ ಶುರುಮಾಡುವ ಮೊದಲು ಒಂದು ಸಲ ಬರಿಯ ಗಾಜನ್ನು ನೋಡಿಕೊಳ್ಳುತ್ತದೆ. ಬಿಳಿ ಎಂದರೆ ಎಷ್ಟು ಬಿಳಿ, ಯಾವ ಜಾಗ ಮಸುಕು ಎಂದು ಅಳೆದು, ಒಂದು ಸಣ್ಣ ಫೈಲಿನಲ್ಲಿ ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಪ್ರತಿಯೊಂದು ಫೋಟೋವನ್ನೂ ಆ ನೆನಪಿನ ಪ್ರಕಾರ ತಿದ್ದುತ್ತದೆ, ಮಸುಕಾಗಿದ್ದ ಜಾಗವನ್ನು ಬೆಳ್ಳಗೆ ಮಾಡುತ್ತದೆ. ಹಾಗೆ ಅಳೆಯುವ ಹೊತ್ತಿಗೆ ಗಾಜಿನ ಮೇಲೆ ಯಾರಾದರೂ ಕೈ ಇಟ್ಟಿದ್ದರೆ ಆ ಕೈಯ ಗುರುತು ಮುಂದಿನ ಎಲ್ಲ ಫೋಟೋಗಳಲ್ಲೂ ಬೆಳ್ಳಗೆ ಮೂಡುತ್ತದೆ. ಅಂಥ ಹಳೆಯ ಫೈಲೊಂದು ನನ್ನ ಫೋಲ್ಡರಿನಲ್ಲಿ ಉಳಿದುಕೊಂಡಿತ್ತು, ಡ್ರೈವರಿನ ಜೊತೆಗೆ ಅದೂ ಬಂದಿದೆ.

ಗಾಜು ಒರೆಸಿ, ಏನೂ ಇಡದೆ, ಮುಚ್ಚಳ ಹಾಕಿ. ಪ್ರೋಗ್ರಾಮಿನಲ್ಲಿ ಕ್ಯಾಲಿಬ್ರೇಟ್ ಎಂಬುದನ್ನು ಒತ್ತಿ. ಹೊಸ ಅಳತೆ ಹಳೆಯದರ ಮೇಲೆ ಕೂರುತ್ತದೆ. ಕೈ ಹೋಗುತ್ತದೆ.

ನಾನು ಎಲ್ಲವನ್ನೂ ಹಾಕಿ ಎಂದು ಬರೆಯಬಾರದಿತ್ತು.

ಅಳಿಯ


ಏಪ್ರಿಲ್ ೧೫

ಅಳಿಯಂದಿರಿಗೆ,

ನಿಮಗೆ ಎಲ್ಲದಕ್ಕೂ ಒಂದು ಕಾರಣ ಸಿಗುತ್ತದೆ. ಸದ್ದಿಗೆ ಕಾರಣ, ಕೈಗೆ ಕಾರಣ. ಆವತ್ತೂ ಹಾಗೆಯೇ, ನೀರಿನ ಸೆಳೆತ ಹೀಗಿತ್ತು, ಹಾಗಾಗಿ ಹೀಗೇ ಆಗಿರಬೇಕು ಎಂದು ಲೆಕ್ಕ ಹಾಕಿ ಅವಳ ಹೆಸರನ್ನು ಕಲ್ಲಿಗೆ ಕೊಟ್ಟಿರಿ.

ನಾನು ಆ ಗುಂಡಿ ಒತ್ತುವುದಿಲ್ಲ.

ನೀವು ಹೇಳಿದ ಫೈಲನ್ನು ನಿಮ್ಮ ಫೋಲ್ಡರಿನಲ್ಲೇ ಹುಡುಕಿದೆ. ನಾನೂ ಈಗ ಅಷ್ಟು ದಡ್ಡಿಯಲ್ಲ. ಅದರ ಮೇಲೆ ಬಲಗಡೆ ಒತ್ತಿ ಪ್ರಾಪರ್ಟೀಸ್ ನೋಡಿದೆ. ಹುಟ್ಟಿದ ದಿನ ಎಂದು ಒಂದು ತಾರೀಕು ಇದೆ. ಅಳಿಯಂದಿರೇ, ಅದು ಲಾಂಚ್ ಮುಳುಗಿದ ದಿನದ ನಂತರದ ತಾರೀಕು. ನಾವೆಲ್ಲ ದಡದಲ್ಲಿ ಕೂತಿದ್ದಾಗ, ದೋಣಿಗಳು ಇನ್ನೂ ಹುಡುಕುತ್ತಿದ್ದಾಗ, ಈ ಕೈ ಸ್ಟುಡಿಯೋದಲ್ಲಿ ಈ ಗಾಜಿನ ಮೇಲಿತ್ತು. ಇದಕ್ಕೆ ಏನು ಹೇಳುತ್ತೀರಿ?

ಹಿಂಬಾಗಿಲು ತೆರೆದಿದ್ದರೆ ಬರುತ್ತಾಳೆಂದು ನನಗೆ ಗೊತ್ತಿತ್ತು. ಬಂದಿದ್ದಾಳೆ. ನಮ್ಮನ್ನು ಕಾಣದೆ ಹೋಗಿದ್ದಾಳೆ.

ಈಗ ನಾನು ಕೆಲಸ ಒಪ್ಪಿಕೊಳ್ಳುತ್ತಿಲ್ಲ. ಬಂದವರಿಗೆ ಮುಂದಿನ ತಿಂಗಳು ಬನ್ನಿ ಎನ್ನುತ್ತೇನೆ. ಬೆಳಗ್ಗೆ ಕಸ ಗುಡಿಸಿ, ಕಪ್ಪು ಕಾಗದ ಇಟ್ಟು ಸ್ಕ್ಯಾನ್ ಮಾಡುತ್ತೇನೆ. ಪರದೆಯ ಮೇಲೆ ಸಾಲುಸಾಲಾಗಿ ಇಳಿದು ಬರುತ್ತದೆ, ಮೊದಲು ಬೆರಳ ತುದಿ, ಆಮೇಲೆ ಗೆಣ್ಣು, ಆಮೇಲೆ ಅಂಗೈ. ಎಷ್ಟು ಸಲ ಕರೆದರೂ ಬರುತ್ತದೆ. ಚಿಕ್ಕವಳಿದ್ದಾಗ ಒಂದು ಸಲ ಕರೆದರೆ ಬಂದವಳಲ್ಲ. ಹೊಲಿಗೆಯಾಕೆ ಮೊನ್ನೆ ಬಾಗಿಲಲ್ಲಿ ನಿಂತು, "ಅಕ್ಕಾ, ಯಾರ ಜೊತೆ ಮಾತಾಡ್ತಿದೀರಾ?" ಎಂದಳು. ಯಾರ ಜೊತೆಯೂ ಇಲ್ಲ ಎಂದೆ. ಅವಳು ಒಳಗೆ ಬರಲಿಲ್ಲ. ಈಗ ಎರಡು ದಿನದಿಂದ ಬರುತ್ತಿಲ್ಲ.

ನೀವು ಹೋಗಿ ಆ ಕಲ್ಲಿನಿಂದ ಹೆಸರನ್ನು ಕೆರೆದುಹಾಕಿ.

ಗುಬ್ಬಿಯ ತಾಯಿ


ಏಪ್ರಿಲ್ ೨೨

ಅತ್ತೆಯವರಿಗೆ,

ಕೆಲಸದ ನಡುವೆಯೇ ಬರೆಯುತ್ತಿದ್ದೇನೆ. ಈ ಪತ್ರ ಬೇಗ ತಲುಪಬೇಕು.

ನೀವು ನೋಡಿದ್ದು ಮೇಲಿನ ಸಾಲು. ಅದು ಆ ಫೈಲು ಆ ಡಿಸ್ಕಿಗೆ ಬಂದ ದಿನ. ಅದರ ಕೆಳಗೆ ಇನ್ನೊಂದು ಸಾಲಿದೆ, ಕೊನೆಯ ಸಲ ಬದಲಾದದ್ದು ಯಾವಾಗ ಎಂದು. ಫೈಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡಿದಾಗ ಮೇಲಿನ ತಾರೀಕು ಹೊಸದಾಗುತ್ತದೆ, ಕೆಳಗಿನದು ಹಾಗೆಯೇ ಉಳಿಯುತ್ತದೆ. ನಿಜವಾದ ತಾರೀಕು ಕೆಳಗಿನದು.

ನಕಲು ಮಾಡಿದವನು ನಾನು. ಆ ವಾರ ನೀವು ದಡ ಬಿಟ್ಟು ಏಳುತ್ತಿರಲಿಲ್ಲ. ನನಗೆ ಅಲ್ಲಿ ಕೂರಲಾಗಲಿಲ್ಲ. ಪ್ರತಿ ದೋಣಿ ತಿರುಗಿ ಬಂದಾಗಲೂ ಎಲ್ಲರೂ ಒಟ್ಟಿಗೆ ಏಳುತ್ತಿದ್ದರು, ಒಟ್ಟಿಗೆ ಕೂರುತ್ತಿದ್ದರು. ಸ್ಟುಡಿಯೋಗೆ ಬಂದು ಬೀಗ ತೆಗೆದೆ. ಅವಳ ಹಳೆಯ ಡಿಸ್ಕ್ ಕಟಕಟ ಎನ್ನುತ್ತಿತ್ತು, ಸಾಯುವ ಮುಂಚೆ ಡಿಸ್ಕುಗಳು ಹಾಗೆ ಸದ್ದು ಮಾಡುತ್ತವೆ. ಅದರಲ್ಲಿದ್ದುದೂ ಹೋಗಿಬಿಟ್ಟರೆ ಎಂದು ಹೆದರಿದೆ. ಎಲ್ಲವನ್ನೂ ಹೊಸ ಡಿಸ್ಕಿಗೆ ಎಳೆದುಹಾಕಿದೆ. ಅವಳ ಫೋಟೋ, ಅವಳ ಲೆಕ್ಕಪತ್ರ, ಅರ್ಧ ಬರೆದ ಪತ್ರ, ಪ್ರಿಂಟರಿನ ಡ್ರೈವರ್, ಸ್ಕ್ಯಾನರಿನ ಡ್ರೈವರ್. ಏನನ್ನೂ ನೋಡಲಿಲ್ಲ. ಪರದೆಯ ಮೇಲೆ ಹಸಿರು ಪಟ್ಟಿ ತುಂಬುತ್ತ ಹೋಗುವುದನ್ನು ನೋಡುತ್ತ ಕೂತಿದ್ದೆ. ಆ ಹೊತ್ತು ಸ್ಟುಡಿಯೋದಲ್ಲಿ ಇದ್ದದ್ದು ನಾನೊಬ್ಬನೇ, ಅತ್ತೆ. ಬೇರೆ ಯಾರೂ ಬರಲಿಲ್ಲ. ಬಂದಿದ್ದರೆ ನಾನು ಬಿಡುತ್ತಿದ್ದೆನೇ?

ಕೆಳಗಿನ ತಾರೀಕು ಸ್ಕ್ಯಾನರ್ ಬಂದ ವಾರದ್ದಾಗಿರುತ್ತದೆ. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಪೆಟ್ಟಿಗೆಯ ಥರ್ಮೋಕೋಲ್ ಚೂರುಗಳು ಕೋಣೆ ತುಂಬ ಹಾರಾಡುತ್ತಿದ್ದವು. ಗಾಜಿನ ಮೇಲೆ ಏನೂ ಇರಬಾರದು ಎಂದು ನಾನು ಪುಸ್ತಕ ನೋಡಿಕೊಂಡು ಓದುತ್ತಿದ್ದೆ, ಅವಳು ಮುಚ್ಚಳ ಎತ್ತಿ ಕೈ ಇಟ್ಟಳು. "ತೆಗಿ ಕೈನ, ಹಾಳಾಗತ್ತೆ" ಎಂದೆ. "ಇರು, ಬೆಳಕು ಬಿಸಿ ಇದೆಯಾ ನೋಡ್ತೀನಿ" ಎಂದಳು. "ಹಾಳಾದ್ರೆ ಇನ್ನೊಂದ್ಸಲ ಮಾಡಿದ್ರಾಯ್ತು ಬಿಡು." ಆಮೇಲೆ ಇನ್ನೊಂದು ಸಲ ಸರಿಯಾಗಿ ಮಾಡಿದೆವು. ಮೊದಲಿನದು ಅಳಿದುಹೋಯಿತು ಎಂದುಕೊಂಡಿದ್ದೆ.

ಹೊಲಿಗೆಯಾಕೆಯನ್ನು ನೀವೇ ಹೋಗಿ ಕರೆಯಿರಿ.

ನಿಮ್ಮ ಅಳಿಯ


ಜೂನ್ ೨

ಅತ್ತೆಯವರಿಗೆ,

ಉತ್ತರವಿಲ್ಲ. ಸ್ಕ್ಯಾನರಿನ ಬಗ್ಗೆ ಕೇಳುತ್ತಿಲ್ಲ. ನೀವು ಹೇಗಿದ್ದೀರೆಂದು ಒಂದು ಸಾಲು ಬರೆಯಿರಿ, ಬೈದಾದರೂ ಬರೆಯಿರಿ.

ನೀವು ಕಳಿಸಿದ ಹಾಳೆಯನ್ನು ಬೀರುವಿನಲ್ಲಿ ಬಟ್ಟೆಗಳ ಅಡಿಗೆ ಇಟ್ಟಿದ್ದೇನೆ. ಆ ಬಟ್ಟೆಗಳನ್ನು ತೆಗೆದು ಹಾಕಿಕೊಳ್ಳಲಾಗುತ್ತಿಲ್ಲ. ಇನ್ನೊಂದು ಸಾಲಿನ ಬಟ್ಟೆಯಲ್ಲೇ ದಿನ ದೂಡುತ್ತಿದ್ದೇನೆ. ಕೆಲಸದಲ್ಲಿ ಜೊತೆಯವರು ನಗುತ್ತಾರೆ.

ನಿಮ್ಮ ಅಳಿಯ


ಜುಲೈ ೯

ಅಳಿಯಂದಿರಿಗೆ,

ಕೆಳಗಿನ ಸಾಲನ್ನು ನಿಮ್ಮ ಪತ್ರ ಬಂದ ದಿನವೇ ನೋಡಿದೆ. ನೀವು ಹೇಳಿದ ತಾರೀಕೇ ಇತ್ತು. ಆ ತಾರೀಕನ್ನು ನೋಡಿದ ಮೇಲೆ ನಿಮ್ಮ ಪತ್ರವನ್ನು ಮಡಚಿ ಮೇಜಿನ ಖಾನೆಗೆ ಹಾಕಿ ಮುಚ್ಚಿದೆ. ಎರಡು ಮೂರು ವಾರದ ಮಟ್ಟಿಗೆ ಅವಳು ಬಂದುಹೋಗಿದ್ದಳು. ಒಂದು ಸಾಲು ಕೆಳಗೆ ನೋಡಿದೆ, ಬಂದಿರಲೇ ಇಲ್ಲ.

ಆದರೂ ಗುಂಡಿ ಒತ್ತಲಿಲ್ಲ. ಇದೇ ಕೈ ತಾನೇ ಎಂದು ಇಟ್ಟುಕೊಂಡೆ. ಕಾರಣ ಏನಾದರೇನು, ಕೈ ಅವಳದು.

ಹೊಲಿಗೆಯಾಕೆ ವಾಪಸ್ ಬಂದಳು, ನಾನೇ ಕರೆದೆ. ಕೆಲಸವನ್ನೂ ಒಪ್ಪಿಕೊಳ್ಳತೊಡಗಿದೆ. ಫೋಟೋಗಳ ಮೇಲೆ ಬಿದ್ದ ಬೆಳ್ಳನೆಯ ಗುರುತನ್ನು, ಅವಳು ಕಲಿಸಿದ ಹಾಗೆಯೇ, ಪರದೆಯ ಮೇಲೆ ಉಜ್ಜಿ ಉಜ್ಜಿ ಅಳಿಸಿ ಕೊಡುತ್ತಿದ್ದೆ. ಮಗಳ ಕೈಯನ್ನು ಕಪ್ಪು ಬಣ್ಣದಿಂದ ಮುಚ್ಚುವ ಕೆಲಸ. ದಿನಕ್ಕೆ ಎಷ್ಟು ಸಲವೋ.

ಹೋದ ವಾರ ಬೇಕರಿಯಾಕೆ ಬಂದಳು. ಅವಳ ತಾಯಿಯದು ಇರುವುದೇ ಒಂದು ಫೋಟೋ. ಇಡೀ ಮನೆತನದ ನಡುವೆ, ಬಲಗಡೆಯ ಮೂಲೆಯಲ್ಲಿ ನಿಂತ ಹೆಂಗಸು. "ಅಕ್ಕಾ, ಮುಖ ಮಾತ್ರ ದೊಡ್ಡದು ಮಾಡ್ಕೊಡಿ. ಈಚೆಗೆ ನಂಗೆ ಅಮ್ಮನ ಮುಖ ನೆನಪಿಗೆ ಬರ್ತಾ ಇಲ್ಲ. ಸೆರಗು ಬರತ್ತೆ, ಬಳೆ ಸದ್ದು ಬರತ್ತೆ, ಮುಖ ಬರಲ್ಲ" ಎಂದಳು. ನಾನು ಮಾಡಿದೆ. ಗುರುತನ್ನು ಎಷ್ಟು ಸಾಧ್ಯವೋ ಅಷ್ಟು ತೆಗೆದೆ. ದೊಡ್ಡದು ಮಾಡಿದಾಗ ಅಳಿಸಿದ್ದೂ ದೊಡ್ಡದಾಗುತ್ತದೆ ಎಂಬುದು ನನಗೆ ಹೊಳೆಯಲಿಲ್ಲ.

ಮಾರನೆಯ ದಿನವೇ ಫ್ರೇಮನ್ನು ಬಟ್ಟೆಯಲ್ಲಿ ಸುತ್ತಿಕೊಂಡು ವಾಪಸ್ ಬಂದಳು. ಜಗಳಕ್ಕೆ ಬಂದವಳಲ್ಲ. ಹೊಸ್ತಿಲಲ್ಲೇ ನಿಂತು, "ಕೋಪ ಮಾಡ್ಕೋಬೇಡಿ ಅಕ್ಕಾ. ಇದನ್ನ ಗೋಡೆಗೆ ಹಾಕೋಕೆ ಆಗ್ತಿಲ್ಲ. ನೀವೇ ನೋಡಿ, ಅಮ್ಮನ ಬಾಯಿ ಮೇಲೆ ಯಾರೋ ಕೈ ಇಟ್ಟಂಗಿದೆ. ಮಾತಾಡ್ಬೇಡ ಅಂತ ಅದುಮಿ ಹಿಡಿದಂಗೆ" ಎಂದಳು. ಕಣ್ಣಲ್ಲಿ ನೀರಿತ್ತು.

ನೋಡಿದೆ. ಹಾಗೆಯೇ ಇತ್ತು. ಅಂಥ ಕೈಯಲ್ಲಮ್ಮ ಅದು, ಯಾರ ಬಾಯನ್ನೂ ಮುಚ್ಚಿದ ಕೈಯಲ್ಲ, ಬೆಳಕು ಬಿಸಿ ಇದೆಯಾ ಎಂದು ನೋಡಲು ಇಟ್ಟ ಕೈ ಎಂದು ಹೇಳಬೇಕೆನ್ನಿಸಿತು. "ಒಳಗೆ ಬಾ, ಕೂತ್ಕೋ" ಎಂದೆ.

ಅವಳನ್ನು ಕೂರಿಸಿಕೊಂಡೇ ಮಾಡಿದೆ. ಆ ಫೈಲನ್ನು ಅಳಿಸಲಿಲ್ಲ, ಬೇರೊಂದು ಫೋಲ್ಡರಿಗೆ ಸರಿಸಿದೆ. ಗಾಜು ಒರೆಸಿದೆ, ಮುಚ್ಚಳ ಹಾಕಿದೆ, ಒತ್ತಿದೆ. ಬೆಳಕು ಒಮ್ಮೆ ಹೋಗಿ ಬಂತು. ಅಷ್ಟೇ. ನಾನು ಇನ್ನೂ ಏನೋ ಆಗುತ್ತದೆ ಎಂದು ಕಾಯುತ್ತಿದ್ದೆ, ಯಂತ್ರ ಮುಗಿಯಿತು ಎಂದು ಟಿಂಗ್ ಎಂದಿತು. ಫೋಟೋ ಇಟ್ಟು ಮತ್ತೆ ಸ್ಕ್ಯಾನ್ ಮಾಡಿದೆ. ಮೂಲೆಯಲ್ಲಿ ಹೆಂಗಸಿನ ಮುಖ ಬಂತು. ತುಸು ಹಲ್ಲು ಉಬ್ಬು, ನಗು ತಡೆದುಕೊಂಡ ಬಾಯಿ. ಬೇಕರಿಯಾಕೆ, "ಹಾಂ! ಇದೇ, ಇದೇ" ಎಂದು ಕುರ್ಚಿಯಿಂದ ಎದ್ದುಬಿಟ್ಟಳು.

ಅವಳು ಹೋದ ಮೇಲೆ ಕಪ್ಪು ಕಾಗದ ಇಟ್ಟು ನೋಡಿದೆ. ಬರೀ ಕಪ್ಪು ಬಂತು. ಬಹಳ ಹೊತ್ತು ನೋಡಿದೆ.

ನೀವು ಬಟ್ಟೆಗಳನ್ನು ತೆಗೆದು ಹಾಕಿಕೊಳ್ಳಿ. ಮಳೆಗಾಲ, ಮುಗ್ಗಲು ಹಿಡಿಯುತ್ತದೆ.

ಅತ್ತೆ


ಜುಲೈ ೧೮

ಅತ್ತೆಯವರಿಗೆ,

ಆ ಫೈಲನ್ನು ಅಳಿಸಬೇಡಿ. ದಯವಿಟ್ಟು ಅಳಿಸಬೇಡಿ. ಎಲ್ಲಿ ಇಟ್ಟಿದ್ದೀರೋ ಅಲ್ಲಿಂದ ಇನ್ನೆರಡು ಕಡೆಗೆ ನಕಲು ಮಾಡಿಡಿ. ಆ ಡಿಸ್ಕೂ ಹಳೆಯದಾಯಿತು. ಸದ್ದು ಮಾಡುತ್ತಿದೆಯೇ, ಕಿವಿಗೊಟ್ಟು ಕೇಳಿ.

ಗುಂಡಿ ಒತ್ತಿ, ಕೈ ಹೋಗುತ್ತದೆ ಎಂದು ಮೊದಲು ಬರೆದವನು ನಾನೇ ಎಂಬುದು ಗೊತ್ತು. ಆಗ ಸರಾಗವಾಗಿ ಬರೆದೆ. ಈಗ ನೀವು ಸರಿಸಿದ್ದೇನೆ ಎಂದು ಬರೆದದ್ದನ್ನು ಓದಿದ ಮೇಲೆ ಯಂತ್ರಗಳ ಮುಂದೆ ನಿಂತಲ್ಲಿ ನಿಂತುಬಿಡುತ್ತೇನೆ. ನಿನ್ನೆ ಒಂದು ಇಡೀ ಪಾಳಿಯ ಡಬ್ಬಿಗಳಿಗೆ ಚೀಟಿ ತಲೆಕೆಳಗಾಗಿ ಅಂಟಿಕೊಂಡು ಹೋಯಿತು. ನಾನು ನೋಡುತ್ತಲೇ ಇದ್ದೆ, ಕಾಣಿಸಲಿಲ್ಲ. ಮೇಲಿನವರು ನಾಲ್ಕು ದಿನ ರಜೆ ಹಾಕಿ ಮನೆಗೆ ಹೋಗು ಎಂದರು. ಯಾವ ಮನೆಗೆ ಎಂದು ಕೇಳಬೇಕೆನ್ನಿಸಿತು.

ಹೆಸರನ್ನು ಕಲ್ಲಿಗೆ ಕೊಟ್ಟರೆ ಕಾಯುವುದು ನಿಲ್ಲುತ್ತದೆ ಎಂದುಕೊಂಡಿದ್ದೆ, ಅತ್ತೆ. ನೀವು ಒಂದು ಬಾಗಿಲನ್ನು ತೆರೆದಿಟ್ಟು ಕಾದಿರಿ. ನಾನು ಬಾಡಿಗೆ ಹಿಡಿದ ಕೋಣೆಗಳಲ್ಲೆಲ್ಲ ಯಾವ ಬಾಗಿಲು ಸದ್ದು ಮಾಡಿದರೂ ಏಳುತ್ತೇನೆ.

ಆ ಫೈಲನ್ನು ಒಂದು ಪೆನ್ ಡ್ರೈವಿಗೆ ಹಾಕಿ ಅಂಚೆಯಲ್ಲಿ ಕಳಿಸುತ್ತೀರಾ?

ನಿಮ್ಮ ಅಳಿಯ


ಜುಲೈ ೨೫

ಅಳಿಯಂದಿರಿಗೆ,

ಅಂಚೆಯಲ್ಲಿ ಕಳಿಸುವುದಿಲ್ಲ. ನೀವೇ ಬಂದು ತೆಗೆದುಕೊಂಡು ಹೋಗಿ.

ಕಲ್ಲಿನ ಮಾತು ಎತ್ತುವುದಿಲ್ಲ. ಬೆಳಗಿನ ಬಸ್ಸಿಗೆ ಬಂದರೆ ಒಳ್ಳೆಯದು.

ಅತ್ತೆ


ಆಗಸ್ಟ್ ೧೯

ಮಗೂ,

ಊರು ಮುಟ್ಟಿದ್ದೇನೆ ಎಂದು ನೀನು ಬರೆದ ಕಾರ್ಡು ಬಂತು. ನೀನು ತಂದಿದ್ದ ಪೆನ್ ಡ್ರೈವ್ ಇಲ್ಲೇ ಮೇಜಿನ ಮೇಲಿದೆ. ಮರೆತು ಹೋದೆಯೋ ಬಿಟ್ಟು ಹೋದೆಯೋ ನಾನು ಕೇಳುವುದಿಲ್ಲ.

ನೀನು ಎಷ್ಟು ಇಳಿದುಹೋಗಿದ್ದೀಯ ಎಂದು ಎದುರಿಗೆ ಹೇಳಲಾಗಲಿಲ್ಲ. ಬಾಗಿಲಲ್ಲಿ ನಿಂತಾಗ ಒಂದು ಕ್ಷಣ ಗಿರಾಕಿ ಎಂದುಕೊಂಡೆ. ನೀನೇ ಯಂತ್ರದ ಮುಂದೆ ಕೂರುತ್ತೀಯ ಎಂದುಕೊಂಡಿದ್ದೆ, ಇಷ್ಟು ತಿಂಗಳು ಕಾಗದದಲ್ಲಿ ನನಗೆ ಪಾಠ ಹೇಳಿದವನು. ಆದರೆ ನೀನು ಕೀಬೋರ್ಡಿನ ಮೇಲೆ ಬೆರಳಿಟ್ಟು ಹಿಂದಕ್ಕೆ ತೆಗೆದೆ. "ನೀವೇ ಮಾಡಿ ಅತ್ತೆ" ಎಂದೆ. ನಾನು ಹಳೆಯ ಫೈಲನ್ನು ಅದರ ಜಾಗಕ್ಕೆ ತಂದು, ಸ್ಕ್ಯಾನರನ್ನು ಆರಿಸಿ ಹಾಕಿ, ಕಪ್ಪು ಕಾಗದ ಇಟ್ಟೆ. ಬೆರಳ ತುದಿ ಬಂತು, ಗೆಣ್ಣು ಬಂತು. ಬಾಗಿದ ಕಿರುಬೆರಳು ಪೂರ್ತಿ ಇಳಿಯುವ ಮೊದಲೇ ನೀನು ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತೆ. ನಿನ್ನ ಬೆನ್ನು ಅಲುಗುವುದನ್ನು ನಾನು ನೋಡಿದೆ. ಹತ್ತಿರ ಬರಲಿಲ್ಲ. ಬರಬೇಕಿತ್ತೋ ಏನೋ.

ಆಮೇಲೆ ಫೋಟೋ ತೆಗೆಸಿಕೊಳ್ಳುವವರು ಕೂರುವ ಬೆಂಚಿನ ಮೇಲೆ, ಆ ಮೋಡದ ಪರದೆಯ ಮುಂದೆ, ಒಂದು ನಿಮಿಷ ಅಂತ ಒರಗಿದವನು ಸಂಜೆಯವರೆಗೆ ನಿದ್ದೆ ಹೋದೆ. ನಿನಗೆ ಗೊತ್ತಿಲ್ಲದ್ದನ್ನು ಹೇಳಬೇಕೆಂದೇ ಈ ಪತ್ರ.

ಇಬ್ಬರು ಗಿರಾಕಿಗಳು ಬಂದರು. ಸ್ಕ್ಯಾನರ್ ಕೆಟ್ಟಿದೆ, ನಾಳೆ ಬನ್ನಿ ಎಂದು ಹಸಿ ಸುಳ್ಳು ಹೇಳಿ ಕಳಿಸಿದೆ. ಹಾದು ಹೋಗುವ ಗಾಡಿಗಳ ಸದ್ದು ಬರದಿರಲೆಂದು ಮುಂಬಾಗಿಲು ಅರ್ಧ ಎಳೆದೆ. ನಿನಗೆ ಗೊರಕೆಯಿದೆ ಎಂದು ಅವಳು ದೂರುತ್ತಿದ್ದಳು, ನಾನು ನಂಬಿರಲಿಲ್ಲ. ಇದೆ.

ಮೂರನೆಯವರು ಎದುರು ಬೀದಿಗೆ ಹೊಸದಾಗಿ ಬಂದಿರುವ ಗಡಿಯಾರ ರಿಪೇರಿಯವರು. ವಯಸ್ಸಾದವರು, ಈ ಊರಿನ ಸುದ್ದಿ ಒಂದೂ ಗೊತ್ತಿಲ್ಲ. ಎಳೆದ ಬಾಗಿಲನ್ನು ತಳ್ಳಿಕೊಂಡು ಒಳಗೆ ಬಂದು, ಮೋಡಗಳ ಮುಂದೆ ಕಾಲು ಮಡಚಿ ಮಲಗಿದ್ದ ನಿನ್ನನ್ನು ನೋಡಿ ನಿಂತರು.

"ಯಾರಮ್ಮಾ ಇವರು?" ಎಂದರು.

"ನಮ್ಮ ಅಳಿಯ."

"ಓಹೋ. ಮಗಳು ಬಂದಿಲ್ವಾ?"

ಇಷ್ಟು ವರ್ಷ ಈ ಪ್ರಶ್ನೆಗೆ ನನ್ನ ಹತ್ತಿರ ಒಂದೇ ಉತ್ತರವಿತ್ತು. ಅದು ಬಾಯಿಗೆ ಬರಲಿಲ್ಲ.

"ಇಲ್ಲ," ಎಂದೆ. "ಅವಳು ತೀರಿಕೊಂಡ್ಲು."

ಆ ಮಾತನ್ನು ಎಂದಾದರೂ ಆಡಬೇಕಾಗಿ ಬಂದರೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿಕೊಳ್ಳುತ್ತೇನೆ ಎಂದೇ ನಾನು ತಿಳಿದಿದ್ದೆ. ಮೆತ್ತಗೆ ಹೇಳಿದೆ, ಅವರು ಒಂದು ಹೆಜ್ಜೆ ಮುಂದೆ ಬಂದು ಕಿವಿಗೊಡಬೇಕಾಯಿತು. ನೀನು ಆಗ ತಾನೇ ಮಗ್ಗುಲು ಬದಲಿಸಿದ್ದೆ. ನಿನಗೆ ಎಚ್ಚರವಾಗಬಾರದಲ್ಲ.

ಇಂತಿ,
ಅತ್ತೆ